ಪಾಸ್‌ವರ್ಡ್ ಸರಿ ಇದ್ದೂ ಲಾಗಿನ್ ಆಗದ ಥಿನ್ ಕ್ಲೈಂಟ್

ಬ್ಯಾಂಕಿನ ಕೌಂಟರಿನಲ್ಲೋ ಆಸ್ಪತ್ರೆಯ ಬಿಲ್ಲಿಂಗ್ ಮೇಜಿನಲ್ಲೋ ಮಾನಿಟರಿನ ಬೆನ್ನಿಗೆ ಅಂಟಿಕೊಂಡ ಸಣ್ಣ ಕಪ್ಪು ಡಬ್ಬಿಯನ್ನು ನೀವು ಕಂಡಿರಬಹುದು. ಫ್ಯಾನ್ ಇಲ್ಲ, ಸದ್ದಿಲ್ಲ. ಅದೇ ಥಿನ್ ಕ್ಲೈಂಟ್. ಪರದೆಯ ಮೇಲೆ ಕಾಣುವ ವಿಂಡೋಸ್ ಅದರೊಳಗೆ ಓಡುತ್ತಿರುವುದಿಲ್ಲ, ಎಲ್ಲೋ ದೂರದ ಸರ್ವರಿನಲ್ಲಿ ಓಡುತ್ತಿರುತ್ತದೆ. ಅಲ್ಲಿಂದ ಚಿತ್ರ ಬರುತ್ತದೆ, ಇಲ್ಲಿಂದ ಕೀಲಿ ಒತ್ತಿದ್ದು, ಮೌಸ್ ಸರಿಸಿದ್ದು ಹೋಗುತ್ತದೆ. ಅಷ್ಟೇ ವ್ಯವಹಾರ.

ಡೆಲ್‌ನ ಥಿನ್‌ಓಎಸ್, ಜರ್ಮನಿಯ ಐಜೆಲ್ ಓಎಸ್, ಎಚ್‌ಪಿಯ ಥಿನ್‌ಪ್ರೊ ಇವೆಲ್ಲ ಇಂಥ ಡಬ್ಬಿಗಳಿಗೆಂದೇ ಇರುವ ಆಪರೇಟಿಂಗ್ ಸಿಸ್ಟಂಗಳು. ಅವುಗಳ ಮುಖ್ಯ ಕೆಲಸ ಎರಡೇ: ಬಂದವರು ಯಾರೆಂದು ನೋಡಿ ಒಳಗೆ ಬಿಡುವುದು, ಆಮೇಲೆ ಚಿತ್ರ ತೋರಿಸುವುದು. ಹೊಸ ಆವೃತ್ತಿಯ ಟಿಪ್ಪಣಿ ಓದಿದರೆ ಅದರಲ್ಲಿ ಲಾಗಿನ್ ಮತ್ತು ವರ್ಚುವಲ್ ಡೆಸ್ಕ್‌ಟಾಪ್ (ಸರ್ವರಿನಲ್ಲಿ ಓಡುವ ಆ ವಿಂಡೋಸ್) ವಿಷಯವೇ ತುಂಬಿಕೊಂಡಿರುವುದು ಇದಕ್ಕೇ. ಅಪ್‌ಡೇಟ್ ಮಾಡಿದ ಮರುದಿನ ಬೆಳಿಗ್ಗೆ ಬರುವ ದೂರೂ ಅದರದ್ದೇ: ‘ಪಾಸ್‌ವರ್ಡ್ ತಗೋತಾ ಇಲ್ಲ.’ ತಕ್ಷಣ ಪಾಸ್‌ವರ್ಡ್ ರೀಸೆಟ್ ಮಾಡಿಕೊಡುವುದು ಹೆಲ್ಪ್‌ಡೆಸ್ಕಿನವರ ಚಾಳಿ. ಅದನ್ನು ಕಡೆಗೆ ಇಟ್ಟುಕೊಳ್ಳಿ. ಮೊದಲು ಗಡಿಯಾರ ನೋಡಿ.

ವಿಂಡೋಸ್ ಡೊಮೇನ್‌ಗಳಲ್ಲಿ, ಅಂದರೆ ಎಲ್ಲರ ಖಾತೆಗಳನ್ನೂ ಒಂದೇ ಕಡೆಯಿಂದ ನಿಭಾಯಿಸುವ ಕಚೇರಿ ಜಾಲಗಳಲ್ಲಿ, ಗುರುತು ಪರಿಶೀಲಿಸುವುದು ಕರ್ಬೆರೋಸ್ ಎಂಬ ಪದ್ಧತಿ. ಅಮೆರಿಕದ ಎಂಐಟಿಯಲ್ಲಿ 1980ರ ದಶಕದಲ್ಲಿ ಹುಟ್ಟಿದ್ದು. ಅದು ಪಾಸ್‌ವರ್ಡನ್ನು ಸರ್ವರಿನಿಂದ ಸರ್ವರಿಗೆ ಸಾಗಿಸದೆ ಸಮಯದ ಮುದ್ರೆ ಒತ್ತಿದ ಟಿಕೆಟ್ ಕೊಡುತ್ತದೆ. ಕದ್ದ ಟಿಕೆಟನ್ನು ಯಾರೋ ಆಮೇಲೆ ಬಳಸಬಾರದಲ್ಲ, ಅದಕ್ಕೆ ಸಮಯದ ಮುದ್ರೆ. ಕ್ಲೈಂಟ್ ಮತ್ತು ಸರ್ವರ್ ಗಡಿಯಾರಗಳ ನಡುವೆ 5 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ, ಸಾಮಾನ್ಯ ಸೆಟ್ಟಿಂಗ್‌ನಲ್ಲಿ, ಟಿಕೆಟ್ ತಿರಸ್ಕೃತವಾಗುತ್ತದೆ. ಹಳೆಯ ಎನ್‌ಟಿಎಲ್‌ಎಂ ಪದ್ಧತಿಗೆ ಗಡಿಯಾರದ ವಿಷಯದಲ್ಲಿ ಇಷ್ಟು ಬಿಗಿ ಇಲ್ಲ. ಮೈಕ್ರೋಸಾಫ್ಟ್ 2024ರಲ್ಲಿ ಅದನ್ನು ನಿವೃತ್ತಿಯ ಪಟ್ಟಿಗೆ ಸೇರಿಸಿದೆ. ಅಪ್‌ಡೇಟ್ ಆದ ಡಬ್ಬಿ ಎನ್‌ಟಿಎಲ್‌ಎಂ ಬಿಟ್ಟು ಕರ್ಬೆರೋಸ್ ಹಿಡಿದರೆ, ವರ್ಷಗಟ್ಟಲೆ ಮುಚ್ಚಿಕೊಂಡಿದ್ದ ಗಡಿಯಾರದ ದೋಷ ಒಂದೇ ದಿನ ಹೊರಬೀಳುತ್ತದೆ. ಸರ್ವರನ್ನು ಹೆಸರಿನ ಬದಲು ಐಪಿ ವಿಳಾಸದಲ್ಲಿ ನಮೂದಿಸಿಟ್ಟವರಿಗೂ ಅದೇ ಗತಿ, ಏಕೆಂದರೆ ಕರ್ಬೆರೋಸ್ ಟಿಕೆಟ್ ಸಿಗುವುದು ಸರ್ವರಿನ ಪೂರ್ತಿ ಹೆಸರಿಗೆ.

ಗಡಿಯಾರ ಕೆಡುವುದು ಸಾಮಾನ್ಯವಾಗಿ ಎರಡು ಬಗೆಯಲ್ಲಿ. ಮೊದಲನೆಯದು ಮದರ್‌ಬೋರ್ಡಿನ ನಾಣ್ಯದಂಥ 3 ವೋಲ್ಟ್ ಬ್ಯಾಟರಿ, ಹಲವು ಮಾದರಿಗಳಲ್ಲಿ ಸಿಆರ್2032. ಸಂಜೆ ಗೋಡೆಯ ಸ್ವಿಚ್ಚನ್ನೇ ಆರಿಸಿ ಹೋಗುವ ಕಚೇರಿಗಳಲ್ಲಿ ಅದರ ಮೇಲೆ ಭಾರ ಹೆಚ್ಚು. ಅದು ಸತ್ತರೆ ಮಾರನೇ ದಿನ ಡಬ್ಬಿ ಯಾವುದೋ ಹಳೆಯ ತಾರೀಖಿನಲ್ಲಿ ಏಳುತ್ತದೆ. ಆಗ ಕರ್ಬೆರೋಸ್ ತನಕ ಹೋಗುವುದೂ ಬೇಡ, ಸರ್ವರಿನ ಸರ್ಟಿಫಿಕೇಟ್ (ಅದರ ಡಿಜಿಟಲ್ ಗುರುತುಪತ್ರ) ‘ಇನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ಸಂಪರ್ಕವೇ ಮುರಿಯುತ್ತದೆ.

ಎರಡನೆಯದು ಹೆಚ್ಚು ತರಲೆ. ಟೈಮ್ ಝೋನ್ ಯುಟಿಸಿಯಲ್ಲೇ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯದಲ್ಲೇ, ಉಳಿದಿದೆ ಎನ್ನಿ. ಮಧ್ಯಾಹ್ನ 12ಕ್ಕೆ ಪರದೆ 6:30 ತೋರಿಸುತ್ತದೆ. ಯಾರೋ ಸಹಾಯ ಮಾಡುವ ಮನಸ್ಸಿನಿಂದ ಅದನ್ನು ಕೈಯಾರೆ 12:00ಕ್ಕೆ ತಿರುಗಿಸುತ್ತಾರೆ. ಈಗ ಕಣ್ಣಿಗೆ ಎಲ್ಲ ಸರಿ. ಆದರೆ ಕರ್ಬೆರೋಸ್ ಲೆಕ್ಕ ಹಾಕುವುದು ಯುಟಿಸಿಯಲ್ಲಿ, ಅದರ ಮಟ್ಟಿಗೆ ಡಬ್ಬಿ ಐದೂವರೆ ಗಂಟೆ ಮುಂದಿದೆ. ಗಡಿಯಾರ ಸರಿಯಾಗಿ ಕಾಣತೊಡಗಿದ ಗಳಿಗೆಯಿಂದಲೇ ಲಾಗಿನ್ ಕೆಡುತ್ತದೆ! ಪರಿಹಾರ ಇಷ್ಟೇ: ಝೋನನ್ನು ಏಷ್ಯಾ/ಕೋಲ್ಕತಾ ಮಾಡಿ, ಸಮಯವನ್ನು ಎನ್‌ಟಿಪಿ ಸರ್ವರಿಗೆ (ಜಾಲದ ಮೂಲಕ ಸರಿಯಾದ ಸಮಯ ಹೇಳುವ ಸರ್ವರಿಗೆ) ಒಪ್ಪಿಸಿ, ಅದು ಬಳಸುವ ಯುಡಿಪಿ 123 ಎಂಬ ಪೋರ್ಟ್ ಫೈರ್‌ವಾಲಿನಲ್ಲಿ ತೆರೆದಿದೆಯೇ ನೋಡಿ. ಲಾಗಿನ್ ಪರಿಶೀಲಿಸುವ ಸರ್ವರಾದ ಡೊಮೇನ್ ಕಂಟ್ರೋಲರನ್ನೇ ಎನ್‌ಟಿಪಿ ಸರ್ವರ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಆಮೇಲೆ ಕೀಬೋರ್ಡ್. ದೂರದ ವಿಂಡೋಸ್ ಬಳಸಲು ಮೈಕ್ರೋಸಾಫ್ಟ್ ಮಾಡಿದ ಆರ್‌ಡಿಪಿ ಪ್ರೋಟೊಕಾಲಿನಲ್ಲಿ ಡಬ್ಬಿ ಕಳಿಸುವುದು ಅಕ್ಷರವನ್ನಲ್ಲ, ಸಾಮಾನ್ಯವಾಗಿ ಕೀಲಿಯ ಸ್ಥಾನಸಂಖ್ಯೆಯನ್ನು. ಅದು ಯಾವ ಅಕ್ಷರ ಎಂದು ತೀರ್ಮಾನಿಸುವುದು ಸರ್ವರಿನ ಕೀಬೋರ್ಡ್ ವಿನ್ಯಾಸ. ಯಾವ ವಿನ್ಯಾಸ ಬೇಕೆಂದು ಸಂಪರ್ಕ ಶುರುವಾಗುವಾಗ ಸಾಮಾನ್ಯವಾಗಿ ಡಬ್ಬಿಯೇ ಹೇಳಿ ಕಳಿಸುತ್ತದೆ. ಡಬ್ಬಿಯ ಹೊಸ ಇಮೇಜ್ (ಆಪರೇಟಿಂಗ್ ಸಿಸ್ಟಂನ ಪೂರ್ತಿ ಪ್ರತಿ) ಬ್ರಿಟಿಷ್ ವಿನ್ಯಾಸದೊಂದಿಗೆ ಬಂದಿದ್ದರೆ, ಶಿಫ್ಟ್ ಹಿಡಿದು 2 ಒತ್ತಿದಾಗ ಬರುವುದು ಆ್ಯಟ್ ಚಿಹ್ನೆಯಲ್ಲ, ಉದ್ಧರಣ ಚಿಹ್ನೆ. ನಮ್ಮಲ್ಲಿ ಪಾಸ್‌ವರ್ಡಿನೊಳಗೆ ಆ್ಯಟ್ ಹಾಕದವರು ಕಡಿಮೆ. ಚುಕ್ಕಿಗಳ ಹಿಂದೆ ತಪ್ಪು ಕಾಣುವುದಿಲ್ಲ, ಮೂರು ಸಲ ಒತ್ತಿದ ಮೇಲೆ ಖಾತೆ ಲಾಕ್ ಆಗಿರುತ್ತದೆ. ಪಾಸ್‌ವರ್ಡನ್ನಲ್ಲ, ಅದರಲ್ಲಿರುವ ಚಿಹ್ನೆಗಳನ್ನಷ್ಟೇ ಬಳಕೆದಾರರ ಹೆಸರಿನ ಜಾಗದಲ್ಲಿ ಒತ್ತಿ ನೋಡಿದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಕನ್ನಡ ಟೈಪ್ ಮಾಡುವವರಿಗೂ ಇದೇ ಸೂತ್ರ: ನುಡಿ ತಂತ್ರಾಂಶ ಇರಬೇಕಾದದ್ದು ಸರ್ವರಿನಲ್ಲಿ, ಡಬ್ಬಿಯಲ್ಲಲ್ಲ. ವಿಂಡೋಸ್‌ನ ಕನ್ನಡ ವಿನ್ಯಾಸದ ಸಂಖ್ಯೆ ಹೆಕ್ಸ್‌ನಲ್ಲಿ 044ಬಿ. ಅದನ್ನು ಕ್ಲೈಂಟಿನ ಸೆಟ್ಟಿಂಗ್‌ನಲ್ಲೇ ಮೊದಲ ವಿನ್ಯಾಸವಾಗಿ ಕೂರಿಸಿದರೆ ಸೆಷನ್ ಶುರುವಾಗುವುದೇ ಕನ್ನಡದಲ್ಲಿ, ಇಂಗ್ಲಿಷ್ ಪಾಸ್‌ವರ್ಡ್ ಕೇಳುವ ಕಡೆ ಪೇಚಾಟ. ಲಾಗಿನ್‌ಗೆ ಇಂಗ್ಲಿಷ್ ಇರಲಿ, ಕನ್ನಡವನ್ನು ಸೆಷನ್ನಿನ ಒಳಗೆ ಸೇರಿಸಿ.

ಇನ್ನು ಈಚಿನ ದೂರು: ‘ಎರಡೆರಡು ಸಲ ಪಾಸ್‌ವರ್ಡ್ ಕೇಳ್ತದೆ.’ ಹಿಂದೆ ಡಬ್ಬಿ ಪಾಸ್‌ವರ್ಡನ್ನು ಒಮ್ಮೆ ಕೇಳಿ ತಾನೇ ವಿಂಡೋಸಿಗೆ ದಾಟಿಸುತ್ತಿತ್ತು. ಈಗ ಲಾಗಿನ್ ನಡೆಯುವುದು ಡಬ್ಬಿಯೊಳಗಿನ ಪುಟ್ಟ ಬ್ರೌಸರ್ ಕಿಟಕಿಯಲ್ಲಿ. ಮೊಬೈಲಿಗೆ ಬರುವ ಒಪ್ಪಿಗೆ, 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿ ಅಥವಾ ಫಿಡೋ2 ಕೀಲಿ (ಯುಎಸ್‌ಬಿಗೆ ಸಿಕ್ಕಿಸುವಂಥ ಭದ್ರತಾ ಸಾಧನ) ಎಲ್ಲ ಅಲ್ಲೇ. ಮುಗಿದಾಗ ಡಬ್ಬಿಯ ಕೈಗೆ ಬರುವುದು ‘ಇವರು ಇಂಥವರು’ ಎಂಬ ಚೀಟಿ, ಪಾಸ್‌ವರ್ಡ್ ಅಲ್ಲ. ವಿಂಡೋಸ್ ಡೆಸ್ಕ್‌ಟಾಪ್ ಆ ಚೀಟಿಯನ್ನು ತನ್ನಷ್ಟಕ್ಕೆ ಒಪ್ಪುವುದಿಲ್ಲ, ಅದಕ್ಕೆ ಪಾಸ್‌ವರ್ಡ್ ಬೇಕು ಇಲ್ಲವೇ ಸ್ಮಾರ್ಟ್‌ಕಾರ್ಡಿನಂಥ ಸರ್ಟಿಫಿಕೇಟ್ ಬೇಕು. ಈ ಕಂದಕಕ್ಕೆ ಸೇತುವೆಯಾಗಿ, ವರ್ಚುವಲ್ ಡೆಸ್ಕ್‌ಟಾಪ್ ಒದಗಿಸುವ ತಂತ್ರಾಂಶಗಳಾದ ಸಿಟ್ರಿಕ್ಸ್‌ನಲ್ಲಿ ಫೆಡರೇಟೆಡ್ ಅಥೆಂಟಿಕೇಷನ್ ಸರ್ವಿಸ್, ಹೊರೈಝನ್‌ನಲ್ಲಿ ಟ್ರೂ ಎಸ್‌ಎಸ್‌ಒ ಇವೆ. ಎರಡೂ ಆ ಗಳಿಗೆಗೆಂದೇ ಒಂದು ಸರ್ಟಿಫಿಕೇಟ್ ಹೊರಡಿಸುತ್ತವೆ. ಮೈಕ್ರೋಸಾಫ್ಟ್‌ನ ಅಝೂರ್ ವರ್ಚುವಲ್ ಡೆಸ್ಕ್‌ಟಾಪ್‌ನಲ್ಲಿ ಸಿಂಗಲ್ ಸೈನ್-ಆನ್ (ಒಂದೇ ಲಾಗಿನ್ ಎಲ್ಲಕ್ಕೂ ಸಾಕಾಗುವ ಸೌಲಭ್ಯ) ಅನ್ನು ಹೋಸ್ಟ್ ಪೂಲ್‌ನಲ್ಲಿ, ಅಂದರೆ ಡೆಸ್ಕ್‌ಟಾಪ್ ಓಡಿಸುವ ಸರ್ವರುಗಳ ಗುಂಪಿನಲ್ಲಿ, ಬೇರೆಯಾಗಿ ಆನ್ ಮಾಡಬೇಕು. ಅಂದರೆ ಡಬ್ಬಿಯನ್ನಷ್ಟೇ ಅಪ್‌ಡೇಟ್ ಮಾಡಿ ಸರ್ವರ್ ಬದಿ ಮುಟ್ಟದಿದ್ದರೆ ಎರಡು ಸಲ ಕೇಳುವುದು ದೋಷವಲ್ಲ, ಅರ್ಧ ಮುಗಿದ ಕೆಲಸ.

ಅಝೂರ್‌ನಲ್ಲಿ ಇದನ್ನು ಆನ್ ಮಾಡಿದವರು ಒಂದು ಸಂಗತಿ ಮೊದಲೇ ಸಿಬ್ಬಂದಿಗೆ ತಿಳಿಸಿಬಿಡುವುದು ಲೇಸು. ಪರದೆ ಲಾಕ್ ಮಾಡಿದರೆ, ಮೂಲ ಸೆಟ್ಟಿಂಗ್‌ನಲ್ಲಿ, ಲಾಕ್ ಪರದೆ ಬರುವುದಿಲ್ಲ, ಸೆಷನ್ನೇ ಕಡಿದುಕೊಳ್ಳುತ್ತದೆ. ಕಾಫಿಗೆ ಎದ್ದು ಬಂದವರು ಕೆಲಸ ಹೋಯಿತೆಂದು ಗಾಬರಿಯಾಗುತ್ತಾರೆ. ಹೋಗಿರುವುದಿಲ್ಲ, ಮತ್ತೆ ಲಾಗಿನ್ ಆದರೆ ತೆರೆದಿಟ್ಟ ಫೈಲ್ ಹಾಗೇ ಇರುತ್ತದೆ. ಪಾಳಿಯಲ್ಲಿ ಹಲವರು ಬಳಸುವ ಡಬ್ಬಿಯಲ್ಲಿ ಲಾಗೌಟ್ ಆದೊಡನೆ ಬ್ರೌಸರಿನ ಕುಕಿಗಳು (ಲಾಗಿನ್ ನೆನಪಿಟ್ಟುಕೊಳ್ಳುವ ಪುಟ್ಟ ದಾಖಲೆಗಳು) ಅಳಿಯುತ್ತವೆಯೇ ಎಂದೂ ಪರೀಕ್ಷಿಸಿ. ಇಲ್ಲವಾದರೆ ಬೆಳಗಿನ ಪಾಳಿಯವರ ಹೆಸರಲ್ಲಿ ಮಧ್ಯಾಹ್ನದವರು ಒಳಹೋಗುತ್ತಾರೆ.

ಅಪ್‌ಡೇಟ್ ಯಾವ ಕ್ರಮದಲ್ಲಿ ಆಗಬೇಕು ಎಂಬುದಕ್ಕೆ 2018ರ ಘಟನೆ ಪಾಠದಂತಿದೆ. ಆರ್‌ಡಿಪಿಯ ಲಾಗಿನ್ ಹೊತ್ತೊಯ್ಯುವ ಕ್ರೆಡ್‌ಎಸ್‌ಎಸ್‌ಪಿಯಲ್ಲಿ ದೋಷ ಸಿಕ್ಕಿ, ಮೈಕ್ರೋಸಾಫ್ಟ್ ಮಾರ್ಚ್‌ನಲ್ಲಿ ತೇಪೆ ಕೊಟ್ಟಿತು. ಮೇ 8ರ ಅಪ್‌ಡೇಟ್ ಮೂಲ ಸೆಟ್ಟಿಂಗನ್ನೇ ಬಿಗಿ ಮಾಡಿತು. ಅಂದಿನಿಂದ ತೇಪೆ ಹಾಕಿದ ಕ್ಲೈಂಟ್ ತೇಪೆ ಇಲ್ಲದ ಸರ್ವರಿಗೆ ಸೇರಲು ನಿರಾಕರಿಸಿತು. ಹಳೆಯ ಕ್ಲೈಂಟ್ ಹೊಸ ಸರ್ವರಿಗೆ ಸೇರುತ್ತಿತ್ತು, ಹೊಸದು ಹಳೆಯದಕ್ಕಲ್ಲ. ಮೊದಲು ಸರ್ವರ್, ಆಮೇಲೆ ಡಬ್ಬಿ. ಹಾಗೆಂದು ಡಬ್ಬಿಯನ್ನು ಮುಟ್ಟದೆ ಬಿಟ್ಟರೂ ನಡೆಯದು: 2021ರ ಸೆಪ್ಟೆಂಬರ್ 30ರಂದು, ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಆತುಕೊಂಡಿದ್ದ ಹಳೆಯ ಬೇರು ಸರ್ಟಿಫಿಕೇಟಿನ (ಉಳಿದವನ್ನು ನಂಬಲು ಆಧಾರವಾದ ಮೂಲ ಸರ್ಟಿಫಿಕೇಟಿನ) ಅವಧಿ ಮುಗಿದಾಗ, ಹೊಸ ಬೇರು ಸೇರಿಸಿಕೊಳ್ಳದ ಹಳೆಯ ಸಾಧನಗಳು ಸುಸ್ಥಿತಿಯಲ್ಲಿದ್ದ ಸರ್ವರುಗಳನ್ನೇ ನಂಬದಾದವು.

ಚಿತ್ರದ ಬಗ್ಗೆ ಚುಟುಕಾಗಿ. 1920×1080 ಪರದೆಯನ್ನು 24 ಬಿಟ್ ಬಣ್ಣದಲ್ಲಿ ಸೆಕೆಂಡಿಗೆ 60 ಸಲ ಹಸಿಯಾಗಿ ಕಳಿಸಲು ಸುಮಾರು 3 ಗಿಗಾಬಿಟ್ ಬೇಕು. ಆದ್ದರಿಂದ ಎಚ್.264ನಂಥ ವಿಡಿಯೊ ಸಂಕೋಚನ. ಅದರ ಸಾಮಾನ್ಯ ರೂಪ 4:2:0ರಲ್ಲಿ ನಾಲ್ಕು ಪಿಕ್ಸೆಲ್‌ಗೆ ಬಣ್ಣ ಒಂದೇ. ಸಿನಿಮಾಕ್ಕೆ ಸಾಕು, ಆದರೆ ಕೆಂಪು ಹಿನ್ನೆಲೆಯ ಮೇಲಿನ ನೀಲಿ ಒತ್ತಕ್ಷರದ ಅಂಚು ಕಲಸಿಹೋಗುತ್ತದೆ. ಅಪ್‌ಡೇಟ್ ಆದಮೇಲೆ ಅಕ್ಷರ ಮಸುಕಾಯಿತು ಎಂದರೆ ಮಾನಿಟರ್ ಒರೆಸುವ ಮುಂಚೆ, ಪ್ರತಿ ಪಿಕ್ಸೆಲ್‌ಗೂ ಅದರದೇ ಬಣ್ಣ ಉಳಿಸುವ 4:4:4 ಆಯ್ಕೆ ಹುಡುಕಿ. ವಿಂಡೋಸ್ 10ರಿಂದ ಆರ್‌ಡಿಪಿಯಲ್ಲಿ ಎವಿಸಿ 444 ಎಂಬ ಹೆಸರಲ್ಲಿ ಅದು ಇದೆ.

ಇಮೇಜ್ ಹಂಚುವಾಗ ಲೆಕ್ಕ ಮೊದಲೇ ಹಾಕಿ. 1 ಜಿಬಿ ಇಮೇಜ್ 10 ಎಂಬಿಪಿಎಸ್ ಲೈನಿನಲ್ಲಿ ಒಂದು ಡಬ್ಬಿಗೆ ಇಳಿಯಲು 800 ಸೆಕೆಂಡು, ಶಾಖೆಯಲ್ಲಿ 200 ಡಬ್ಬಿಗಳಿದ್ದರೆ ಸುಮಾರು 44 ಗಂಟೆ. ಒಂದು ಡಬ್ಬಿಗೆ ಇಳಿಸಿ ಅಲ್ಲಿಂದ ಪಕ್ಕದವಕ್ಕೆ ಹಂಚುವ ವ್ಯವಸ್ಥೆ ಐಜೆಲ್‌ನಲ್ಲಿ ಬಡ್ಡಿ ಅಪ್‌ಡೇಟ್ ಎಂಬ ಹೆಸರಲ್ಲಿದೆ. ಸಾಲದ ಬಡ್ಡಿಯಲ್ಲ, ಗೆಳೆಯ ಎಂಬ ಅರ್ಥದ್ದು. ಕರೆಂಟ್ ಹೋದರೆ ಏನಾಗುತ್ತದೆ ಎಂಬುದೂ ವಿನ್ಯಾಸದ ಮೇಲೆ ನಿಂತಿದೆ. ಸಂಗ್ರಹದಲ್ಲಿ ಎರಡು ವಿಭಾಗ ಇಟ್ಟು, ಖಾಲಿ ಇರುವುದಕ್ಕೆ ಬರೆದು, ಪೂರ್ತಿಯಾದ ಮೇಲೆ ಅತ್ತ ಹೊರಳುವ ಡಬ್ಬಿಗಳು ಅರ್ಧದಲ್ಲಿ ನಿಂತರೂ ಹಳೆಯದರಲ್ಲೇ ಏಳುತ್ತವೆ. ಒಂದೇ ವಿಭಾಗದವನ್ನು ಯುಪಿಎಸ್ ಇಲ್ಲದೆ ಮುಟ್ಟಬೇಡಿ. ಪರೀಕ್ಷೆಗೆ ಹತ್ತು ಡಬ್ಬಿ ಆರಿಸುವಾಗ ಐಟಿ ಕೋಣೆಯ ಹೊಸವನ್ನು ಬಿಟ್ಟು, ರಾತ್ರಿ ಸ್ವಿಚ್ ಆರಿಸುವ ಕೌಂಟರಿನದೊಂದು, ಕನ್ನಡ ಟೈಪ್ ಮಾಡುವವರದೊಂದು, ಎರಡು ಪಾಳಿಯವರು ಬಳಸುವುದೊಂದು ಇರುವಂತೆ ನೋಡಿಕೊಳ್ಳಿ. ಅಪ್‌ಡೇಟ್ ಆದ ಸಂಜೆ ಅವನ್ನು ಗೋಡೆಯಿಂದಲೇ ಆರಿಸಿ, ಮರುದಿನ ಬೆಳಿಗ್ಗೆ ಲಾಗಿನ್ ಮಾಡಿ ನೋಡಿ.