ಪಾರಿವಾಳದ ಪೆಟ್ಟಿಗೆ, ಮಕ್ಕಳ ಪೆಟ್ಟಿಗೆ

ಆನ್‌ಲೈನ್ ಗೇಮ್‌ಗಳಿಂದ ಮಕ್ಕಳನ್ನು ಕಾಪಾಡಲು ಹೊರಟ ಸರ್ಕಾರಗಳು ಮೊದಲು ಕೈ ಹಾಕುವುದು ಗಡಿಯಾರಕ್ಕೆ. ದಕ್ಷಿಣ ಕೊರಿಯಾ 2011ರಲ್ಲಿ 16 ವರ್ಷದೊಳಗಿನವರು ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಆಡಬಾರದು ಅಂತ ಕಾನೂನು ತಂದಿತು. ಮಕ್ಕಳು ಅಪ್ಪ ಅಮ್ಮನ ಗುರುತಿನ ಸಂಖ್ಯೆ ಹಾಕಿ ಆಡಿದರು. ಹತ್ತು ವರ್ಷ ಕಳೆದ ಮೇಲೆ ಸರ್ಕಾರವೇ ಅದನ್ನು ಕೈಬಿಟ್ಟಿತು. ಚೀನಾ 2021ರಲ್ಲಿ ಇನ್ನೂ ಬಿಗಿ ಮಾಡಿತು: 18 ತುಂಬದವರಿಗೆ ಶುಕ್ರವಾರ, ಶನಿವಾರ, ಭಾನುವಾರ ಮತ್ತು ರಜಾದಿನಗಳಲ್ಲಿ ಮಾತ್ರ ಆಟ, ಅದೂ ರಾತ್ರಿ 8ರಿಂದ 9.

ಎಷ್ಟು ಹೊತ್ತು ಆಡುತ್ತಾರೆ ಅನ್ನುವುದು ಸುಲಭವಾಗಿ ಅಳೆಯಬಹುದಾದ ವಿಷಯ. ಅದಕ್ಕೇ ಎಲ್ಲರೂ ಅದನ್ನೇ ಅಳೆಯುತ್ತಾರೆ. ನನಗೆ ಚಿಂತೆ ಇರುವುದು ಲೂಟ್ ಬಾಕ್ಸ್ ಬಗ್ಗೆ. ಅದು ಗೇಮ್‌ನೊಳಗೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆ. ಒಳಗೆ ಏನಿದೆ ಅಂತ ತೆರೆಯುವ ತನಕ ಗೊತ್ತಾಗುವುದಿಲ್ಲ.

ಇದರ ಅಜ್ಜ ಇನ್ನೊಂದು ಪೆಟ್ಟಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅದರೊಳಗೆ ಪಾರಿವಾಳ ಬಿಟ್ಟಿದ್ದರು. ಗುಂಡಿ ಕುಕ್ಕಿದರೆ ಕಾಳು. ಪ್ರತಿ ಸಲವೂ ಕಾಳು ಬಿದ್ದರೆ, ಕಾಳು ನಿಂತ ಕೂಡಲೇ ಪಾರಿವಾಳಕ್ಕೆ ಗೊತ್ತಾಗುತ್ತದೆ, ಬೇಗ ಸುಮ್ಮನಾಗುತ್ತದೆ. ಒಮ್ಮೆ ಮೂರನೇ ಕುಕ್ಕಿಗೆ, ಒಮ್ಮೆ ನಲವತ್ತನೇ ಕುಕ್ಕಿಗೆ ಬಿದ್ದರೆ? ಬಿಡದೇ ಕುಕ್ಕುತ್ತದೆ. ಕಾಳು ಪೂರ್ತಿ ನಿಂತ ಮೇಲೂ ಎಷ್ಟೋ ಹೊತ್ತು ಕುಕ್ಕುತ್ತಲೇ ಇರುತ್ತದೆ. ಗಾಳ ಹಾಕಿ ಕೂತವನಿಗೆ ಸಂಜೆಯಾದರೂ ಏಳಲು ಮನಸ್ಸಾಗುವುದಿಲ್ಲ, ಅಲ್ವಾ? ಮೆಸೇಜ್ ಬಂತಾ ಅಂತ ನಾವು ಸುಮ್ನೆ ಫೋನ್ ತೆರೆದು ನೋಡುವುದೂ ಅದೇ ಕುಕ್ಕುವಿಕೆ.

ಮಿದುಳಿನಲ್ಲಿ ಹುಟ್ಟುವ ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ನೋಡಿದಾಗ, ಡೋಪಮೈನ್ ಕೋಶಗಳು ಜಾಸ್ತಿ ಮಿಡಿದದ್ದು ರಸ ಅನಿರೀಕ್ಷಿತವಾಗಿ ಬಂದಾಗ. ಬರುತ್ತದೆ ಅಂತ ಮೊದಲೇ ಗೊತ್ತಿದ್ದಾಗ ಅದೇ ರಸಕ್ಕೆ ಅವು ತಣ್ಣಗಿದ್ದವು.

ಇದರ ಮೇಲೆ ಲೆಕ್ಕದ ಮೋಸ ಬೇರೆ. ಒಂದು ಪೆಟ್ಟಿಗೆಯಲ್ಲಿ ಆಟಕ್ಕೆ ಬೇಕಾದ ಅಪರೂಪದ ಕತ್ತಿ ಸಿಗುವ ಸಾಧ್ಯತೆ ಶೇ. 1 ಎಂದಿಟ್ಟುಕೊಳ್ಳಿ. ನೂರು ಪೆಟ್ಟಿಗೆ ತೆರೆದರೆ ಸಿಕ್ಕೇ ಸಿಗುತ್ತದೆ ಅಂತ ದೊಡ್ಡವರೂ ಅಂದುಕೊಳ್ಳುತ್ತಾರೆ. ನಿಜದಲ್ಲಿ ನೂರು ಮಂದಿ ತಲಾ ನೂರು ಪೆಟ್ಟಿಗೆ ತೆರೆದರೆ ಸುಮಾರು 37 ಮಂದಿಗೆ ಸಿಗುವುದಿಲ್ಲ. ಮುನ್ನೂರು ತೆರೆದರೂ ಐದು ಮಂದಿ ಬರಿಗೈ. ಹಿಂದಿನ ಪೆಟ್ಟಿಗೆಯಲ್ಲಿ ಏನು ಬಂತು ಅನ್ನುವುದು ಮುಂದಿನ ಪೆಟ್ಟಿಗೆಗೆ ಗೊತ್ತಿರುವುದಿಲ್ಲ.

ಈ ಯಂತ್ರಕ್ಕೇ ಕೈ ಹಾಕಿದ ಕಾನೂನುಗಳೂ ಇವೆ. ಇಂಥ ಪೆಟ್ಟಿಗೆಗಳಿಂದ ಒಂದು ಪೂರ್ತಿ ಸೆಟ್ ಕೂಡಿಸಿದರೆ ದೊಡ್ಡ ಬಹುಮಾನ ಅನ್ನುವ ಆಟವನ್ನು ಜಪಾನ್ 2012ರಲ್ಲಿ ನಿಲ್ಲಿಸಿತು. 2017ರಿಂದ ಚೀನಾದ ಕಂಪನಿಗಳು ಯಾವುದು ಸಿಗುವ ಸಾಧ್ಯತೆ ಎಷ್ಟು ಅಂತ ಬರೆದು ತೋರಿಸಬೇಕು. ಬೆಲ್ಜಿಯಂ 2018ರಲ್ಲಿ ದುಡ್ಡಿನ ಲೂಟ್ ಬಾಕ್ಸ್ ಜೂಜೇ ಅಂದಿತು. ಕೆಲವು ದೊಡ್ಡ ಕಂಪನಿಗಳು ಅಲ್ಲಿ ಅದನ್ನು ತೆಗೆದುಹಾಕಿದವು ಕೂಡ. ಆದರೆ 2022ರಲ್ಲಿ ಅದೇ ಬೆಲ್ಜಿಯಂನಲ್ಲಿ ಅತಿ ಹೆಚ್ಚು ದುಡ್ಡು ಮಾಡುವ 100 ಐಫೋನ್ ಗೇಮ್‌ಗಳನ್ನು ಸಂಶೋಧಕರು ಒಂದೊಂದಾಗಿ ತೆರೆದು ನೋಡಿದಾಗ 82ರಲ್ಲಿ ಪೆಟ್ಟಿಗೆ ಇದ್ದೇ ಇತ್ತು.