ಅರ್ಜಿಯ ಖಾನೆಗೆ ಬಂದು ನಿಂತ ನಂಬಿಕೆ: ಧಾರವಾಡ ಸೀಮೆಯ ಕಾಲೇಜು ಮತ್ತು ಕ್ರೈಸ್ತ ವಿದ್ಯಾರ್ಥಿ

ಜೂನ್ ಬಂತೆಂದರೆ ಹುಬ್ಬಳ್ಳಿ-ಧಾರವಾಡದ ಕಾಲೇಜು ಕೌಂಟರುಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಧರ್ಮದ ಖಾನೆಯಲ್ಲಿ ‘ಕ್ರೈಸ್ತ’ ಎಂದು ಬರೆದವರು ಜಾತಿಯ ಖಾನೆಯಲ್ಲಿ ಏನು ಬರೆಯಬೇಕು? ಒಬ್ಬ ಗುಮಾಸ್ತರು ‘ಎರಡೂ ಕಡೆ ಕ್ರಿಶ್ಚಿಯನ್ ಅಂತ ಹಾಕ್ರಿ’ ಎನ್ನುತ್ತಾರೆ, ಪಕ್ಕದವರು ‘ಟಿಸಿಯೊಳಗ ಇದ್ದಂಗ ಬರೀರಿ’ ಎನ್ನುತ್ತಾರೆ. ಟಿಸಿಯಲ್ಲಿ ಇರುವುದು ಒಂದು, ಜಾತಿ ಪ್ರಮಾಣಪತ್ರದಲ್ಲಿ ಇರುವುದು ಮತ್ತೊಂದು, ಸಭೆಯ, ಅಂದರೆ ಚರ್ಚಿನ, ದಾಖಲೆಯಲ್ಲಿರುವ ಹೆಸರು ಮೂರನೆಯದು. ಈ ಗಂಟು ಒಂದೇ ದಿನಕ್ಕೆ ಬಿದ್ದದ್ದಲ್ಲ.

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಂಸ್ಥೆ ಬಾಸೆಲ್ ಮಿಷನ್ ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಧಾರವಾಡಕ್ಕೆ ಬಂದದ್ದು 1837, ಹುಬ್ಬಳ್ಳಿಗೆ 1839, ಗದಗಿನ ಬೆಟಗೇರಿಗೆ 1841. ಸುವಾರ್ತೆಗಿಂತ ಶಾಲೆ ಬೇಗ ಬೇರುಬಿಟ್ಟಿತು. ಬ್ರಿಟಿಷ್ ಆಡಳಿತದ ಶಿಕ್ಷಣ ನೀತಿಯನ್ನು ಹೇಳಿದ 1854ರ ವುಡ್ ವರದಿಯ ನಂತರ ಮಿಷನ್ ಶಾಲೆಗಳಿಗೂ ಸರಕಾರದ ಅನುದಾನ ಸಿಗುವ ದಾರಿ ತೆರೆಯಿತು. ಲೆಕ್ಕ, ಭೂಗೋಳ, ಭಾಷೆಗಳನ್ನು ನೋಡಿ ಹಣ ಕೊಡುವುದು, ಬೈಬಲ್ ಪಾಠದ ತಂಟೆಗೆ ಹೋಗದಿರುವುದು ಅದರ ಒಪ್ಪಂದ. ಹೀಗಾಗಿ ಬೈಬಲ್ ತಾಸಿನಲ್ಲಿ ಲಿಂಗಾಯತರ, ಬ್ರಾಹ್ಮಣರ ಹುಡುಗರೂ ಕೂತರು, ಪರೀಕ್ಷೆ ಪಾಸಾಗಿ ಎದ್ದು ಹೋದರು. 1862ರಲ್ಲಿ ಇದೇ ಮಿಷನ್ನಿನ ಪಾದ್ರಿ ಕಿಟೆಲ್ ಕ್ರಿಸ್ತನ ಕಥೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ಬರೆದರು. ಆದರೆ ನಾಡು ನೆನಪಿಟ್ಟುಕೊಂಡದ್ದು 1894ರ ಅವರ ನಿಘಂಟನ್ನು. ಈ ಸೀಮೆ ಮಿಷನ್ನಿನಿಂದ ಏನನ್ನು ಇಸಿದುಕೊಂಡಿತು, ಏನನ್ನು ಬಿಟ್ಟಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1917ರಲ್ಲಿ ಕರ್ನಾಟಕ ಕಾಲೇಜು ಶುರುವಾದಾಗ ಓದು ಒಂದು ಕಡೆ, ವಾಸ ಇನ್ನೊಂದು ಕಡೆ ಆಯಿತು. ಮುರುಘಾಮಠದ ಪ್ರಸಾದ ನಿಲಯ, ಸಮುದಾಯಗಳ ಬೋರ್ಡಿಂಗುಗಳು, ಮಿಷನ್ ಕಂಪೌಂಡಿನ ಹಾಸ್ಟೆಲು. ಧಾರವಾಡದ ವಿದ್ಯಾರ್ಥಿ ಯಾವ ಧರ್ಮದವನು ಎಂದು ತಿಳಿಯಲು ಅವನು ಎಲ್ಲಿ ಉಣ್ಣುತ್ತಾನೆ ಎಂದು ಕೇಳಿದರೆ ಸಾಕಿತ್ತು. ಕಾಗದ ತೋರಿಸು ಎನ್ನುವವರು ಇರಲಿಲ್ಲ.

ಸಂವಿಧಾನ ಬಂದ ಮೇಲೆ ಕಾಲೇಜಿನ ಬಗೆ ನೋಡಿ ನಿಯಮ ಹೇಳಬೇಕಾಯಿತು. 28ನೇ ವಿಧಿಯ ಪ್ರಕಾರ ಪೂರ್ತಿ ಸರಕಾರದ ಹಣದಲ್ಲಿ ನಡೆಯುವ ಕಾಲೇಜಿನಲ್ಲಿ ಧರ್ಮಬೋಧೆ ಇರುವಂತಿಲ್ಲ. ಮಾನ್ಯತೆ ಅಥವಾ ಅನುದಾನ ಪಡೆದ ಕಾಲೇಜಿನಲ್ಲಿ ಇರಬಹುದು, ಆದರೆ ಯಾರನ್ನೂ ಒತ್ತಾಯಿಸಿ ಕೂರಿಸುವಂತಿಲ್ಲ. ವಿದ್ಯಾರ್ಥಿಯ ಒಪ್ಪಿಗೆ ಬೇಕು, ಅಪ್ರಾಪ್ತರಾಗಿದ್ದರೆ ಪಾಲಕರದ್ದು. ಪಿಯು ಮೊದಲ ವರ್ಷದ ಹುಡುಗಿಗೆ ಸಾಮಾನ್ಯವಾಗಿ ಹದಿನಾರು, ಅಂದರೆ ಅಪ್ಪನ ಸಹಿ. ಪದವಿಯ ಎರಡನೇ ವರ್ಷದವಳಿಗೆ ಅವಳದೇ ಸಹಿ. 30ನೇ ವಿಧಿ ಸಂಸ್ಥೆಗೆ ಸೇರಿದ್ದು. ಅಲ್ಪಸಂಖ್ಯಾತರು ಕಾಲೇಜು ಕಟ್ಟಿ ನಡೆಸುವ ಹಕ್ಕು ಅದು. ಸಂಸ್ಥೆಯ ಹಕ್ಕನ್ನು ವಿದ್ಯಾರ್ಥಿಯ ಹಕ್ಕು ಎಂದು, ವಿದ್ಯಾರ್ಥಿಯ ಹಕ್ಕನ್ನು ಸಂಸ್ಥೆಯ ಉಪಕಾರ ಎಂದು ತಿಳಿಯುವ ರೂಢಿ ಮಾತ್ರ ಎಪ್ಪತ್ತು ವರ್ಷವಾದರೂ ಹೋಗಿಲ್ಲ.

ಇಷ್ಟು ಹೊರಗಿನದು. ಒಳಗೆ ನಡೆದದ್ದು ಇನ್ನೂ ಸ್ವಾರಸ್ಯದ್ದು. ದೇಶದಲ್ಲಿ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್ 1912ರಿಂದಲೂ, ಕ್ಯಾಥೊಲಿಕ್ ವಿದ್ಯಾರ್ಥಿಗಳ ಸಂಘ ಐಕಫ್ 1924ರಿಂದಲೂ, ಇವಾಂಜೆಲಿಕಲ್ ವಿದ್ಯಾರ್ಥಿಗಳ ಒಕ್ಕೂಟ 1954ರಿಂದಲೂ ಇವೆ. ಆದರೆ ಕಾಲೇಜು ಊರುಗಳಲ್ಲಿ ನಂಬಿಕೆಯನ್ನು ಹಿಡಿದು ನಿಲ್ಲಿಸಿದ್ದು ಹೆಸರಿಲ್ಲದ ಸಣ್ಣ ಪ್ರಾರ್ಥನಾ ಕೂಟ. ಎಂಟು-ಹತ್ತು ಮಂದಿ, ಒಂದು ತಾಸು: ಎರಡು ಹಾಡು, ಒಂದು ಅಧ್ಯಾಯ, ಒಬ್ಬರ ಸಾಕ್ಷಿ, ಕೊನೆಗೆ ಪ್ರಾರ್ಥನೆಯ ಕೋರಿಕೆಗಳು. ಕೋರಿಕೆಗಳಲ್ಲಿ ಬ್ಯಾಕ್‌ಲಾಗ್ ವಿಷಯಗಳದ್ದೇ ದೊಡ್ಡ ಪಾಲು.

ಈ ಕೂಟದಲ್ಲಿ ಯಾರ್‍ಯಾರು ಕೂಡುತ್ತಾರೆ ನೋಡಿ. ಬೆಟಗೇರಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟಂಟ್ ಸಭೆ) ಮನೆಯ ಹುಡುಗ, ಕೇಶ್ವಾಪುರದ ಕ್ಯಾಥೊಲಿಕ್ ಹುಡುಗಿ, ನರ್ಸಿಂಗ್ ಓದಲು ಬಂದ ಮಲಯಾಳಿ, ಕೃಷಿ ವಿಶ್ವವಿದ್ಯಾಲಯದ ನಾಗಾ ಅಥವಾ ಮಿಜೋ ವಿದ್ಯಾರ್ಥಿ. ಎಲ್ಲರೂ ಕ್ರೈಸ್ತರೇ, ಆದರೆ ಶಬ್ದಗಳೇ ಕೂಡುವುದಿಲ್ಲ. ಪ್ರೊಟೆಸ್ಟಂಟರಿಗೆ ‘ಕರ್ತನು’, ಕ್ಯಾಥೊಲಿಕರಿಗೆ ‘ಪ್ರಭು’. ಅವರದು ‘ದೀಕ್ಷಾಸ್ನಾನ’, ಇವರದು ‘ಜ್ಞಾನಸ್ನಾನ’. ಅವರಿಗೆ ‘ಅಪೊಸ್ತಲ’, ಇವರಿಗೆ ‘ಪ್ರೇಷಿತ’. ಊರಲ್ಲಿ ಭಾನುವಾರ ಬಾಯಿಪಾಠದಂತೆ ಒಪ್ಪಿಸುತ್ತಿದ್ದ ವಿಶ್ವಾಸ ಪ್ರಮಾಣದ ಹನ್ನೆರಡು ಮಾತುಗಳಲ್ಲಿ ಪ್ರತಿಯೊಂದಕ್ಕೂ ಇಲ್ಲಿ ‘ಹಂಗಂದ್ರ?’ ಎಂದು ಕೇಳುವವರಿದ್ದಾರೆ. ‘ಪರಿಶುದ್ಧ ಸಾರ್ವತ್ರಿಕ ಸಭೆಯನ್ನು ನಂಬುತ್ತೇನೆ’ ಎಂಬಲ್ಲಿಗೆ ಬಂದಾಗ ಯಾರ ಸಭೆ ಎಂಬ ವಾದ ಮೆಸ್ಸಿನ ಹೊತ್ತು ಮೀರುತ್ತದೆ. ಹುಟ್ಟಿನಿಂದ ಬಂದದ್ದು ಸ್ವಂತದ್ದಾಗುವ ಗಳಿಗೆ ಇದೇ. ಇದಕ್ಕೆ ಪಠ್ಯವೂ ಇಲ್ಲ, ಅರ್ಜಿಯಲ್ಲಿ ಖಾನೆಯೂ ಇಲ್ಲ.

ಗಟ್ಟಿಯಾಗಿ ಎಡವುವುದು ಈ ದೀಕ್ಷೆಯ ಸ್ನಾನದ ವಿಷಯದಲ್ಲಿ. ಸಿಎಸ್‌ಐ, ಕ್ಯಾಥೊಲಿಕ್ ಮನೆಗಳಲ್ಲಿ ಕೂಸಿಗೇ ಸ್ನಾನ, ಹರೆಯದಲ್ಲಿ ದೃಢೀಕರಣ. ಬ್ರದರನ್, ಪೆಂಟೆಕೊಸ್ಟಲ್ ಕೂಟಗಳು ಕೂಸಿನ ಸ್ನಾನವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಿಳಿವಳಿಕೆ ಬಂದ ಮೇಲೆ ನೀರಲ್ಲಿ ಮುಳುಗಿ ಏಳಬೇಕು ಎನ್ನುತ್ತವೆ. ಹಾಸ್ಟೆಲ್ಲಿನ ಗೆಳೆಯರ ಜೊತೆ ಹೋಗಿ ಮುಳುಗಿ ಬಂದವರಿಗೆ ಅದರ ಬಿಸಿ ತಟ್ಟುವುದು ಮದುವೆ ಹೊತ್ತಿಗೆ. ಊರಿನ ಸಭೆ ಎರಡನೇ ಸ್ನಾನವನ್ನು ಒಪ್ಪುವುದಿಲ್ಲ, ಅಯ್ಯನವರು, ಅಂದರೆ ಪಾದ್ರಿ, ಮದುವೆಯ ಪ್ರಕಟಣೆ ಓದಲು ಹಿಂದೆಮುಂದೆ ನೋಡುತ್ತಾರೆ. ಕೈಯಲ್ಲಿ ಎರಡು ಪ್ರಮಾಣಪತ್ರ, ಎರಡು ತಾರೀಕು. ಕಾನೂನಿನ ಕಣ್ಣಿಗೆ ಇದು ಮತಾಂತರವೇ ಅಲ್ಲ, ಕ್ರೈಸ್ತರು ಕ್ರೈಸ್ತರಾಗಿಯೇ ಉಳಿದಿದ್ದಾರೆ. ಮನೆಯವರ ಕಣ್ಣಿಗೆ ಮಾತ್ರ ಮತಾಂತರಕ್ಕಿಂತ ಒಂದು ಕೈ ಹೆಚ್ಚು.

ನಿಜವಾದ ಮತಾಂತರದ ಮೇಲೆ 2022ರಲ್ಲಿ ಕರ್ನಾಟಕದಲ್ಲಿ ಕಾನೂನು ಬಂತು, ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಸೆಪ್ಟೆಂಬರಿನಲ್ಲಿ ಸದನದ ಒಪ್ಪಿಗೆ. ಬಯಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಘೋಷಣೆ ಕೊಡಬೇಕು, ಆದ ಮೇಲೆ 30 ದಿನದೊಳಗೆ ಇನ್ನೊಂದು. ಧಾರ್ಮಿಕ ಸಂಸ್ಥೆಯ ಶಾಲೆ-ಕಾಲೇಜಿನಲ್ಲಿ ಉಚಿತ ಶಿಕ್ಷಣ ಕೊಡುವುದೂ ‘ಆಮಿಷ’ದ ವ್ಯಾಖ್ಯೆಯೊಳಗೆ ಬಂತು. ದೂರು ಕೊಡಲು ರಕ್ತಸಂಬಂಧಿಯೇ ಆಗಬೇಕಿಲ್ಲ, ಒಡನಾಟದವರೂ ಕೊಡಬಹುದು. ಹಾಸ್ಟೆಲ್ ಕೋಣೆಯಲ್ಲಿ ಒಡನಾಟದವರು ಎಂದರೆ ಯಾರು ಎಂದು ಬಿಡಿಸಿ ಹೇಳಬೇಕಿಲ್ಲ. 2023ರ ಜೂನ್‌ನಲ್ಲಿ ಸಂಪುಟ ಇದರ ರದ್ದತಿಗೆ ತೀರ್ಮಾನಿಸಿತು. ಆದರೆ ಕ್ಯಾಂಪಸ್ಸಿನಿಂದ ಸಭೆಯ ಹಾಲಿಗೆ ಜಾಗ ಬದಲಿಸಿದ ಕೂಟ, ತೀರ್ಮಾನದ ಸುದ್ದಿ ಓದಿದ ಮಾತ್ರಕ್ಕೆ ವಾಪಸು ಬರುವುದಿಲ್ಲ.

ಇನ್ನು ಮೊದಲಿನ ಆ ಖಾನೆ. 1950ರ ಪರಿಶಿಷ್ಟ ಜಾತಿ ಆದೇಶದ ಪ್ರಕಾರ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ ಮಾತ್ರ ಪರಿಶಿಷ್ಟ ಜಾತಿಯ ಸ್ಥಾನ. ಕ್ರೈಸ್ತರಾದವರು ಆ ಪಟ್ಟಿಯಿಂದ ಹೊರಗೆ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು 4 ಶೇಕಡಾ ಮೀಸಲಾತಿಯ ಪ್ರವರ್ಗ 1ಕ್ಕೆ ಬರುತ್ತಾರೆ, ಉಳಿದ ಕ್ರೈಸ್ತರು 5 ಶೇಕಡಾದ 3ಬಿಗೆ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತೇ ಇಲ್ಲ. ಆದ್ದರಿಂದ ಮಿಜೋ ಹುಡುಗ ಕ್ರೈಸ್ತನೂ ಹೌದು, ಎಸ್‌ಟಿಯೂ ಹೌದು. ಕೌಂಟರಿನಲ್ಲಿ ‘ಎರಡರಾಗ ಒಂದು ಹೇಳಪಾ’ ಎನ್ನುವುದು ತಪ್ಪು.

ಅಜ್ಜನ ಕಾಲದಲ್ಲೇ ಸಭೆ ಸೇರಿದ ಮನೆಗಳಲ್ಲೂ ಶಾಲೆಯ ದಾಖಲೆ ಹಳೆಯ ಜಾತಿಯನ್ನೇ ಹೊತ್ತುಕೊಂಡು ಬಂದಿರುವುದುಂಟು. ಒಂದನೇ ತರಗತಿಗೆ ಸೇರಿಸುವಾಗ ಮಾಸ್ತರು ಕೇಳಿದ್ದು, ಅಪ್ಪ ಹೇಳಿದ್ದು, ಅಷ್ಟೇ. ಅದು ಎಸ್ಸೆಸ್ಸೆಲ್ಸಿ, ಟಿಸಿ ಹಾದು ಪದವಿಯವರೆಗೆ ಬರುತ್ತದೆ. ಸೌಲಭ್ಯಕ್ಕಾಗಿ ಹಾಗೇ ಬಿಟ್ಟವರೂ ಇದ್ದಾರೆ, ಗೊತ್ತೇ ಇರದವರು ಅವರಿಗಿಂತ ಹೆಚ್ಚು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ನಂಬಿಕೆ ಒಂದಾಗಿದ್ದು ಮೀಸಲಾತಿಗಾಗಿ ಮಾತ್ರ ಇನ್ನೊಂದನ್ನು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದ ಮೇಲೆ ಇಬ್ಬರಿಗೂ ಒಂದೇ ಅಂಜಿಕೆ. ಹಸಿವೆ ಯಾವುದು, ನಂಬಿಕೆ ಯಾವುದು ಎಂದು ಹದಿನೆಂಟರ ಹುಡುಗನ ಕೈಲಿ ಒಂದೇ ಶಬ್ದದಲ್ಲಿ ಬರೆಸಿಕೊಳ್ಳುವ ಖಾನೆ ಅದು.

ಸರಿಪಡಿಸುವ ದಾರಿ ಉದ್ದವಿದೆ, ಕಷ್ಟದ್ದಲ್ಲ. ಶಾಲಾ ದಾಖಲೆಯ ತಿದ್ದುಪಡಿ ಮೊದಲು, ನಾಡಕಚೇರಿಯ ಅರ್ಜಿ ಆಮೇಲೆ. ತಿರುವುಮುರುವು ಮಾಡಿದರೆ ಗ್ರಾಮ ಆಡಳಿತಾಧಿಕಾರಿ ಟಿಸಿ ನೋಡಿ ಅರ್ಜಿ ಹಿಂದಕ್ಕೆ ಕಳಿಸುತ್ತಾರೆ. ವಿದ್ಯಾರ್ಥಿವೇತನದ ಪೋರ್ಟಲ್ಲಿಗೆ ಬೇಕಾದದ್ದು ಜಾತಿ ಪ್ರಮಾಣಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ. ಆಧಾರಿನಲ್ಲಿ ‘ಯೋಹಾನ’, ಅಂಕಪಟ್ಟಿಯಲ್ಲಿ ‘ಜಾನ್’ ಎಂದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. 3ಬಿ ಪ್ರಮಾಣಪತ್ರಕ್ಕೆ ಐದು ವರ್ಷದ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಪದವಿ ಪ್ರವೇಶದ ವರ್ಷಕ್ಕೇ ಮುಗಿದಿರುತ್ತದೆ. ಪಿಯು ಫಲಿತಾಂಶ ಬಂದ ವಾರ ನಾಡಕಚೇರಿ ಮುಂದೆ ಸರತಿ ಬೆಳೆಯುತ್ತದೆ, ಮಾರ್ಚಿನಲ್ಲೇ ಹೋದವರಿಗೆ ಆ ತೊಂದರೆ ಇಲ್ಲ.