ಪದ ಪರಿಚಯ: ಲೋಕೊ ಇಅ

ಹವಾಯಿ ಭಾಷೆಯಲ್ಲಿ 'ಲೋಕೊ' ಅಂದರೆ ಕೊಳ, 'ಇಅ' ಅಂದರೆ ಮೀನು. ನಮ್ಮ 'ಲೋಕ'ಕ್ಕೂ ಇದಕ್ಕೂ ನಂಟಿಲ್ಲ. 'ಇ' ಅಂದ ಮೇಲೆ ಗಂಟಲಲ್ಲಿ ಉಸಿರನ್ನು ಚೂರು ತಡೆದು 'ಅ' ಅನ್ನಬೇಕು.

ಹವಾಯಿ ಜನ ನೂರಾರು ವರ್ಷಗಳಿಂದ ಮೀನು ಸಾಕಿದ ಕೊಳಗಳಿಗೆ ಈ ಹೆಸರು. ಇವುಗಳಲ್ಲಿ ಹಲವು ಬಗೆ. ಚಿತ್ರ ಬರೆಯುವವರ ಕಣ್ಣಿಗೆ ಮೊದಲು ಬೀಳುವುದು ಕಡಲಂಚಿನಲ್ಲಿ ಕಲ್ಲುಗೋಡೆ ಕಟ್ಟಿ ಮಾಡಿದ ಬಗೆ. ಆ ಗೋಡೆಗೆ 'ಕುಆಪಾ' ಅನ್ನುತ್ತಾರೆ. ಒವಾಹು ದ್ವೀಪದ ಹೆಎಯಿಯಾ ಕೊಳ 88 ಎಕರೆ ಇದೆ, ಅದರ ಗೋಡೆ ಸುಮಾರು 2 ಕಿಲೋಮೀಟರ್ ಉದ್ದ. ಗಾರೆಯೇ ಇಲ್ಲ. ಎರಡು ಬದಿಗೂ ಕಪ್ಪು ಲಾವಾ ಕಲ್ಲು ಜೋಡಿಸಿ, ನಡುವೆ ಹವಳದ ಚೂರು, ಮಣ್ಣು ತುಂಬಿದ್ದಾರೆ.

ಕವಾಯಿ ದ್ವೀಪದ ಅಲೆಕೊಕೊ ಕೊಳದ ಫೋಟೋಗಳಂತೂ ಲೆಕ್ಕವಿಲ್ಲ. ಮೇಲಿನ ರಸ್ತೆಯಿಂದ ನೋಡಿದರೆ ನದಿಯ ತಿರುವಿನಲ್ಲಿ ಗೋಡೆ ಬಿಲ್ಲಿನಂತೆ ಬಾಗಿದೆ, ಹಿಂದೆ ಬೆಟ್ಟ. ಮೆನೆಹುನೆ ಎಂಬ ಕುಳ್ಳ ಜನ ಒಂದೇ ರಾತ್ರಿಯಲ್ಲಿ ಅದನ್ನು ಕಟ್ಟಿದರು ಅಂತ ಕತೆ. ಹೊರಗಿನಿಂದ ತಂದು ನೆಟ್ಟ ಕಾಂಡ್ಲಾ ಗಿಡ ಹಬ್ಬಿ ಗೋಡೆಯನ್ನೇ ಮುಚ್ಚಿತ್ತು. ಊರವರು ಕಡಿದು ತೆಗೆದ ಮೇಲೆ ಆ ಗೆರೆ ಮತ್ತೆ ಕಂಡಿತು.

ನನ್ನನ್ನು ಕೇಳಿದರೆ, ಚಿತ್ರ ಇರುವುದು ಆ ದೊಡ್ಡ ಬಾಗಿನಲ್ಲಲ್ಲ, ತೂಬಿನ ಬಾಗಿಲಲ್ಲಿ. ಅದರ ಹೆಸರು 'ಮಾಕಾಹಾ'. ಮರದ ಗಳುಗಳನ್ನು ಸಾಲಾಗಿ ನಿಲ್ಲಿಸಿ ಹುರಿಯಿಂದ ಬಿಗಿದ ಜಾಲರಿ ಅದು. ಹಳೆಯ ಕಾಲದ್ದಕ್ಕೆ ತೆರೆಯುವುದು, ಮುಚ್ಚುವುದು ಅಂತ ಇರಲಿಲ್ಲ, ಸುಮ್ನೆ ನಿಂತಿರುತ್ತಿತ್ತು. ಉಬ್ಬರದ ನೀರಿನ ಜೊತೆ ಮರಿಗಳು ಸಂದಿಯಲ್ಲಿ ನುಸುಳಿ ಒಳಗೆ ಬರುತ್ತವೆ. ಒಳಗೆ ಪಾಚಿ ತಿಂದು ಕೊಬ್ಬುತ್ತವೆ. ಆಮೇಲೆ ಸಂದಿ ಸಾಲುವುದಿಲ್ಲ. ಮುಂದಿನ ಉಬ್ಬರದಲ್ಲಿ ಹೊಸ ನೀರು ಒಳಗೆ ನುಗ್ಗಿದಾಗ ದೊಡ್ಡ ಮೀನುಗಳೆಲ್ಲ ಅದಕ್ಕೆ ಎದುರಾಗಿ ಈಜುತ್ತಾ ಬಾಗಿಲ ಬಳಿ ಗುಂಪುಗಟ್ಟುತ್ತವೆ. ಕಾವಲಿನವನು ಬಲೆ ಹಾಕುವುದು ಆಗಲೇ. ನೇರ ನಿಂತ ಗಳುಗಳು, ಅಡ್ಡ ಓಡುವ ನೀರು, ಅದರ ಹಿಂದೆ ತಲೆಗಳೆಲ್ಲ ಒಂದೇ ಕಡೆಗಿರುವ ಬೆಳ್ಳಿ ಬಣ್ಣದ ಮೀನು. ಬರೆಯುವ ಕೈಗೆ ಇದಕ್ಕಿಂತ ಜಾಸ್ತಿ ಏನು ಬೇಕು, ಅಲ್ವಾ?

ಇನ್ನೊಂದು ಪದ ಹೇಳದೆ ಬಿಡಲು ಮನಸ್ಸಿಲ್ಲ. ಒಳಗೆ ನುಸುಳುವ ಆ ಮರಿಗೆ ಹವಾಯಿಯಲ್ಲಿ 'ಪುಅ' ಅನ್ನುತ್ತಾರೆ. ಹೂವಿಗೂ ಅದೇ ಪದ. ಈ ಕೊಳಗಳಲ್ಲಿ ಬೆಳೆಸುವ 'ಅವಾ' ಮೀನು ನಮ್ಮ ಕರಾವಳಿಯಲ್ಲೂ ಸಿಗುತ್ತದೆ. ಇಲ್ಲಿ ಅದನ್ನು ಕರೆಯುವುದು ಹೂಮೀನು ಅಂತ.